ಹನ್ನೆರಡು ಪೆಂಟಿಯ ಸ್ಪ್ರಿಂಗು

ಸ್ವಲ್ಪ ತಾಳಿ, ಪುಟ ತಿರುವಬೇಡಿ. ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಲದ ಪೆಂಟಿಗಳನ್ನು, ಅಂದರೆ ಅಚ್ಚಿನಲ್ಲಿ ಹೊಯ್ದ ದೊಡ್ಡ ಗಟ್ಟಿಗಳನ್ನು, ಕೂಡಿಸಿ ಸ್ಪ್ರಿಂಗು ಅಳೆದ ಸಂಗತಿ ಮುಂದೆ ಬರುತ್ತದೆ. ಅದು ಬರುವ ತನಕ ನೀವು ಕಾಯಲೇಬೇಕು. ಯಾಕೆಂದರೆ ಮೊದಲು ನಮ್ಮ ಅಕ್ಕನ ಬೆನ್ನಿನ ವಿಷಯ ಹೇಳದೆ ಹೋದರೆ ಆ ಬೆಲ್ಲಕ್ಕೆ ಅರ್ಥವೇ ಇಲ್ಲ.

ನಮ್ಮದು ತುಕ್ಕಾನಟ್ಟಿ. ಅಕ್ಕ ಹುಕ್ಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಅಲ್ಲೇ ಒಂದು ಖೋಲಿ ಹಿಡಿದಿದ್ದಳು. ಕೊರಳಲ್ಲಿ ಯಾವಾಗಲೂ ಅಳತೆ ಟೇಪು ನೇತಾಡುತ್ತಿತ್ತು. ಬೇಸಿಗೆ ರಜೆಗೆ ಊರಿಗೆ ಬಂದವಳು ಅಟ್ಟದಿಂದ ಸಂಡಿಗೆ ಡಬ್ಬಿ ಇಳಿಸಲು ಹೋಗಿ ಏಣಿ ಜಾರಿ ಬಿದ್ದಳು. ಮೂರು ತಿಂಗಳು ಹಲಗೆಯ ಮೇಲೆ ಅಂಗಾತ ಮಲಗಿದಳು. ಶ್ರಾವಣದಲ್ಲಿ ಎದ್ದು ನಡೆದಳು. ಡಾಕ್ಟರರು ಬಂದು ನೋಡಿ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

"ನಡೀರಿ, ಕುಂದರ್ರಿ, ಹೊಲೀರಿ, ಏನೂ ಅಡ್ಡಿ ಇಲ್ಲ. ಆದರ ಬಸ್ಸಿನ್ಯಾಗ, ಚಕ್ಕಡ್ಯಾಗ ಕುಂತು ಧಡಕಿ ತಿಂದ್ರಿ ಅಂದ್ರ ಮತ್ತ ಹಲಗಿ ಮ್ಯಾಲ ಮಲಗಬೇಕಾಗತೈತಿ."

ಅಕ್ಕ ಮೊದಲು ನಂಬಲಿಲ್ಲ. ಗೋಕಾಕಕ್ಕೆ ಹೋಗುವ ಬಸ್ಸು ಹತ್ತಿದಳು. ಮುಂದಿನ ಊರಿನಲ್ಲೇ ಇಳಿದು, ಒಂದು ಗಿಡದ ಕೆಳಗೆ ಮಲಗಿಬಿಟ್ಟಳು. ಆಮೇಲೆ ನಂಬಿದಳು.

ಅಷ್ಟರಲ್ಲಿ ಶಾಲೆಯಿಂದ ಪತ್ರ ಬಂತು. ದೀಪಾವಳಿ ರಜೆ ಮುಗಿದು ಶಾಲೆ ಶುರುವಾಗುವ ಸೋಮವಾರ ಬಂದು ಹಾಜರಾಗಬೇಕು, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು. ಅಕ್ಕ ಪತ್ರ ಓದಿ, ನಾಲ್ಕು ಮಡಿಕೆ ಮಾಡಿ, ಹೊಲಿಗೆ ಡಬ್ಬಿಯಲ್ಲಿ ಗುಂಡಿಗಳ ಕೆಳಗೆ ಇಟ್ಟಳು. ಅದರ ಬಗ್ಗೆ ಯಾರ ಹತ್ತಿರವೂ ಮಾತಾಡಲಿಲ್ಲ. ಆದರೆ ದಿನಾ ಗುಂಡಿ ಹುಡುಕುವ ನೆಪದಲ್ಲಿ ಡಬ್ಬಿ ತೆಗೆಯುತ್ತಿದ್ದಳು.

ನನ್ನ ಹತ್ತಿರ ಒಂದು ಕಾರಿತ್ತು. ಕಾರು ಅನ್ನುವುದು ದೊಡ್ಡ ಮಾತಾಯಿತು. ಗೋಕಾಕದ ಒಂದು ಗೋದಾಮಿನ ಹಿಂದೆ ಎಷ್ಟೋ ವರ್ಷದಿಂದ ಬಿದ್ದಿದ್ದ ಪುಟ್ಟ ಕಾರು ಅದು. ಒಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಗೋದಾಮಿನವರು "ತಗೊಂಡ ಹೋಗ, ಜಾಗಾ ಖಾಲಿ ಆಗತೈತಿ" ಅಂದರು. ಎತ್ತು ಕಟ್ಟಿ ಎಳೆದು ತಂದೆ. ಮ್ಯಾಟ್ರಿಕ್ ಮುಗಿಸಿ ಎರಡು ವರ್ಷವಾಗಿತ್ತು. ನನಗೆ ಯಾರೂ ಏನೂ ಕಲಿಸಿರಲಿಲ್ಲ. ಕಬ್ಬಿನ ಗಾಣದ ಆಯಿಲ್ ಇಂಜಿನ್ನು ಬಿಚ್ಚಿ ಜೋಡಿಸಿ ಒಂದಿಷ್ಟು ತಿಳಿದುಕೊಂಡಿದ್ದೆ. ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕವಿತ್ತು, ಅದರಲ್ಲಿ ನಾನು ಅಕ್ಷರಕ್ಕಿಂತ ಚಿತ್ರ ಓದಿದ್ದೇ ಹೆಚ್ಚು.

ಇಂಜಿನ್ನು ಗಟ್ಟಿಯಿತ್ತು. ಮೈ ಮಾತ್ರ ತುಕ್ಕು ತಿಂದು ಹಪ್ಪಳವಾಗಿತ್ತು. ಅದನ್ನು ಕಿತ್ತೆಸೆದು, ಬೇವಿನ ಕಟ್ಟಿಗೆಯ ಚೌಕಟ್ಟು ಮಾಡಿ, ತೆಳ್ಳಗಿನ ತಗಡು ಹೊಡೆದೆ. ಕಾರು ಎಷ್ಟು ಹಗುರಾಯಿತೆಂದರೆ ಹಿಂದಿನಿಂದ ನಾನೊಬ್ಬನೇ ಎತ್ತಿ ಪಕ್ಕಕ್ಕೆ ಸರಿಸಬಹುದಿತ್ತು. ಹಿಂದಿನ ಚಕ್ರಗಳ ಕಮಾನು ಪಟ್ಟಿಗಳು ಒಂದಕ್ಕೊಂದು ಅಂಟಿ ಕಲ್ಲಾಗಿದ್ದವು. ಅವುಗಳ ಬದಲಿಗೆ, ಮುರಿದುಬಿದ್ದ ಒಂದು ಮೋಟರ್ ಸೈಕಲ್ಲಿನ ಹಿಂದಿನ ಎರಡು ಸ್ಪ್ರಿಂಗು ತಂದೆ. ನೋಡಿದ್ದೀರಲ್ಲ, ಹೊರಗೆ ಕಬ್ಬಿಣದ ಸುರುಳಿ, ಅದರ ಹೊಟ್ಟೆಯೊಳಗೆ ಎಣ್ಣೆ ತುಂಬಿದ ಕೊಳವೆ. ಸುರುಳಿ ಭಾರ ಹೊರುತ್ತದೆ. ಎಣ್ಣೆಯ ಕೊಳವೆ ಅದರ ಕುಣಿತವನ್ನು ತಡೆಯುತ್ತದೆ. ಅದನ್ನು ಮೊದಲ ಸಲ ಎರಡೂ ಕೈಯಲ್ಲಿ ಹಿಡಿದು ಒತ್ತಿದಾಗ ಅದು ಉಸಿರು ಬಿಟ್ಟಂತೆ ಕೆಳಗಿಳಿದು, ಉಸಿರು ತಗೊಂಡಂತೆ ಮೇಲೆ ಬಂತು. ಆ ದಿನ ಮಧ್ಯಾಹ್ನ ಊಟ ಮಾಡಿದ್ದು ನನಗೆ ನೆನಪಿಲ್ಲ. ಇದರ ಮೇಲೆ ಅಕ್ಕನನ್ನು ಕೂಡಿಸಿಕೊಂಡು ಹುಕ್ಕೇರಿಗೆ ಹೋಗಬಹುದು ಅನ್ನುವ ವಿಚಾರ ಆಗಲೇ ಬಂದದ್ದು.

ಮೂಡಲಗಿಯಲ್ಲಿ ನೀರೆತ್ತುವ ಪಂಪು ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದರು. ಲೇಥ್ ಯಂತ್ರ ಅವರ ಹತ್ತಿರ ಮಾತ್ರ ಇತ್ತು. ನಾನು ಕಾಕಾ ಅನ್ನುತ್ತಿದ್ದೆ. ಅವರು ನನ್ನ ಚಿತ್ರ ನೋಡಿ, ಬೀಡಿ ಆರಿಸಿ, ಒಂದು ಕೊಳವೆಯ ಹೊರಮೈಗೆ ತಿರುಪು ಕೊರೆದರು. ಅದರ ಮೇಲೆ ಅಗಲವಾದ ಒಂದು ಬಳೆ ನಟ್ಟು ಕೂಡಿಸಿದರು. ಆ ನಟ್ಟಿನ ಮೇಲೆ ಸುರುಳಿಯ ಕಾಲು ನಿಲ್ಲುತ್ತದೆ. ಬಲಕ್ಕೆ ತಿರುಗಿಸಿದರೆ ಸುರುಳಿ ಬಿಗಿಯಾಗಿ ಕಾರು ಮೇಲೇಳುತ್ತದೆ. ಎಡಕ್ಕೆ ತಿರುಗಿಸಿದರೆ ಸಡಿಲಾಗಿ ಕೆಳಗೆ ಕೂರುತ್ತದೆ.

"ಇದ ನಿನ್ನ ವೀಣಿ ಕಿವಿ ಅಂತ ತಿಳಕೋ," ಅಂದರು ಮಿಸ್ತ್ರಿ. "ಎಷ್ಟ ಹಿಂಡಬೇಕು ಅಂತ ಹೇಳಾಂವ ನಾ ಅಲ್ಲ. ಅದ ನಿನ್ನ ಲೆಕ್ಕ."

ನನ್ನ ಲೆಕ್ಕ ಪುಸ್ತಕದ ಚಿತ್ರದ್ದು. ಚಕ್ರ ಗಾಳಿಯಲ್ಲಿ ನೇತಾಡುವಾಗ ಸ್ಪ್ರಿಂಗಿನ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿನವರೆಗೆ ಅಳೆಯಬೇಕು. ಪೂರ್ತಿ ಒತ್ತಿದಾಗ ಮತ್ತೊಮ್ಮೆ. ಇವೆರಡರ ನಡುವೆ ಎಷ್ಟು ವ್ಯತ್ಯಾಸವೋ ಅಷ್ಟು ಅದರ ಓಡಾಟ. ನಮ್ಮದು ಮೂರು ಇಂಚು ಬಂತು. ಅದರಲ್ಲಿ ಒಂದು ಇಂಚು, ಜನ ಕೂತಾಗಲೇ ಇಳಿದಿರಬೇಕು. ಗುಂಡಿ ಬಂದರೆ ಚಕ್ರ ಆ ಒಂದು ಇಂಚು ಕೆಳಗೆ ಚಾಚುತ್ತದೆ, ಕಲ್ಲು ಬಂದರೆ ಉಳಿದೆರಡು ಇಂಚು ಮೇಲೆ ಮಡಚುತ್ತದೆ. ಮೇಲೆ ಕೂತವರಿಗೆ ಏನೂ ತಿಳಿಯುವುದಿಲ್ಲ. ಅಳತೆಗೆ ಅಕ್ಕನ ಹೊಲಿಗೆ ಟೇಪನ್ನೇ ತಂದಿದ್ದೆ. ರವಿಕೆಯ ತೋಳು ಅಳೆದ ಟೇಪು ಎಣ್ಣೆಯ ವಾಸನೆ ಹಿಡಿಯಿತು.

ಆ ದಿನಗಳಲ್ಲಿ ನನ್ನ ಕಣ್ಣಿಗೆ ಎಲ್ಲವೂ ಇಳಿಯುತ್ತಿದ್ದವು, ಏಳುತ್ತಿದ್ದವು. ಕಬ್ಬು ಬಿಳಿ ಹೂವು ಬಿಟ್ಟ ಕಾಲ. ಒಂದು ಗುಬ್ಬಿ ಬಂದು ಹೂವಿನ ದಂಟಿನ ಮೇಲೆ ಕೂತರೆ ದಂಟು ಎಷ್ಟು ಬಾಗಿತೆಂದು ನೋಡುತ್ತಾ ನಿಲ್ಲುತ್ತಿದ್ದೆ. ಕೊಕ್ಕರೆ ಎಮ್ಮೆಯ ಬೆನ್ನಿಗೆ ಬಂದರೆ ಎಮ್ಮೆ ಕೂದಲೆಳೆಯಷ್ಟಾದರೂ ಕುಸಿದಿರಬೇಕಲ್ಲ ಅನಿಸುತ್ತಿತ್ತು. ಅವ್ವ ನೂಲಿನ ಹೊರಸಿನ ಮೇಲೆ ಕೂತಾಗ ಹೊರಸು ಒಂದು ಸಣ್ಣ ಸದ್ದು ಮಾಡುತ್ತಿತ್ತು. ಆ ಸದ್ದನ್ನು ನಾನು ಇಂಚಿನಲ್ಲಿ ಕೇಳುತ್ತಿದ್ದೆ. ಮುಂಜಾನೆ ಕಾಲುವೆಯ ಮೇಲೆ ಮಂಜು, ಆಚೆ ಗಾಣದ ಕೊಪ್ಪರಿಗೆಯ ಹಬೆ, ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಎಲ್ಲವೂ ಸಿಹಿ ವಾಸನೆಯಾಗಿ ಮೇಲೆದ್ದು ಮೆಲ್ಲಗೆ ಕೂರುತ್ತಿತ್ತು. ಲೋಕವೆಲ್ಲ ಒಂದು ದೊಡ್ಡ ಸುರುಳಿಯ ಮೇಲಿದೆ, ಯಾರೋ ಅದರ ನಟ್ಟನ್ನು ಸರಿಯಾಗಿ ಕೂಡಿಸಿದ್ದಾರೆ ಅಂದುಕೊಂಡಿದ್ದೆ.

ಈಗ ಬೆಲ್ಲ ಬಂತು.

ಅಳೆಯುವಾಗ ಅಕ್ಕ ಸೀಟಿನ ಮೇಲೆ ಕೂರಬೇಕು. ನಟ್ಟು ತಿರುಗಿಸಬೇಕು, ಇಳಿಸಬೇಕು, ಮತ್ತೆ ಹತ್ತಿಸಬೇಕು. ಹತ್ತಿ ಇಳಿಯುವುದೇ ಅವಳಿಗೆ ನೋವು. ಮೇಲಾಗಿ ನಟ್ಟು ಕೂಡಿಸಲೆಂದು ಒಯ್ದ ಕಾರು ಮೂಡಲಗಿಯಲ್ಲಿ ಮಿಸ್ತ್ರಿಯ ಅಂಗಳದಲ್ಲಿ, ಅಕ್ಕ ತುಕ್ಕಾನಟ್ಟಿಯಲ್ಲಿ. ಅವಳ ತೂಕದಷ್ಟು ಏನಾದರೂ ಸೀಟಿನ ಮೇಲಿಟ್ಟರೆ ಸಾಕಲ್ಲವೇ. ಮತ್ತು ಅಕ್ಕನ ತೂಕ ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹನ್ನೆರಡು ಪೆಂಟಿ.

ಅಕ್ಕ ಹಲಗೆಯ ಮೇಲಿದ್ದಾಗ ಅವ್ವ ಹರಕೆ ಹೊತ್ತಿದ್ದಳು, ಮಗಳು ಎದ್ದು ನಡೆದರೆ ಅವಳ ತೂಕದ ಬೆಲ್ಲ ಮಠದ ದಾಸೋಹಕ್ಕೆ ಕೊಡುತ್ತೇನೆಂದು. ಶ್ರಾವಣದಲ್ಲಿ ಅದನ್ನು ತೀರಿಸಿದೆವು. ಗಾಣದ ದೊಡ್ಡ ತಕ್ಕಡಿಯನ್ನು ಮಠದ ಅಂಗಳದಲ್ಲಿ ಕಟ್ಟಿದರು. ಒಂದು ತಟ್ಟೆಯಲ್ಲಿ ಅಕ್ಕ, ಇನ್ನೊಂದರಲ್ಲಿ ಬೆಲ್ಲದ ಪೆಂಟಿಗಳು. ನಮ್ಮ ಗಾಣದಲ್ಲಿ ಒಂದೇ ಅಚ್ಚಿನಲ್ಲಿ ಹೊಯ್ದವು, ಒಂದೊಂದೂ ಒಂದೇ ತೂಕ. ಊರವರು ಸುತ್ತ ನಿಂತು ಎಣಿಸಿದರು. ಹನ್ನೆರಡಕ್ಕೆ ನಿಂತಿತು. ಅಷ್ಟು ಜನ ಎಣಿಸಿದ ತೂಕ, ಅದಕ್ಕಿಂತ ಖರೆ ತೂಕ ಎಲ್ಲಿ ಸಿಗುತ್ತದೆ. ಹೊಸ ಕಿಲೋ ಕಲ್ಲುಗಳು ಪೇಟೆಗೆ ಬಂದ ಹೊಸತು, ಅವುಗಳ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ಪೆಂಟಿಯ ಮೇಲೆ ಇತ್ತು.

ಅದೇ ಅಚ್ಚಿನ ಹನ್ನೆರಡು ಪೆಂಟಿ ಗೋಣಿಯಲ್ಲಿ ಕಟ್ಟಿಕೊಂಡು ಮೂಡಲಗಿಗೆ ಹೋದೆ. ಹಿಂದಿನ ಸೀಟಿನ ಮೇಲೆ ಒಂದರ ಮೇಲೊಂದು ಕೂಡಿಸಿದೆ. ಇರುವೆಗಳು ಬಂದವು. ಮಿಸ್ತ್ರಿ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತರು.

"ಏನಪಾ ತಮ್ಮಾ, ಕಾರ ಕಟ್ಟಾಕತ್ತೀಯೋ, ಕಾರಿಗೆ ನೈವೇದ್ಯಾ ಹಿಡ್ಯಾಕತ್ತೀಯೋ?"

"ಇದು ನಮ್ಮ ಅಕ್ಕರೀ, ಕಾಕಾ."

"ಹೌದ? ಭಾಳ ಸಿಹಿ ಮನಶ್ಯಾಳ ಬಿಡು. ಸೀರಿ ಉಡಸಬೇಕಿತ್ತ."

ನಾನು ನಗಲಿಲ್ಲ. ಟೇಪು ಹಿಡಿದು ಕಾರಿನ ಕೆಳಗೆ ಮಲಗಿದ್ದೆ. ಬಳೆ ನಟ್ಟನ್ನು ಬಲಕ್ಕೆ ತಿರುಗಿಸುತ್ತಾ, ಅಳೆಯುತ್ತಾ, ಬೆಲ್ಲದ ಅಕ್ಕ ಸರಿಯಾಗಿ ಒಂದು ಇಂಚು ಇಳಿದಾಗ ನಿಲ್ಲಿಸಿದೆ. ಚಕ್ರದ ಮೇಲಿನ ತಗಡಿಗೆ, ಚಕ್ರದ ಅಂಚಿನ ಮಟ್ಟಕ್ಕೆ, ಸೀಮೆಸುಣ್ಣದ ಗೆರೆ ಎಳೆದೆ.

ಅಕ್ಕ ಮೊದಲ ಸಲ ಕಾರು ಹತ್ತಿದ್ದು ಒಂದು ಬುಧವಾರ ಮುಂಜಾನೆ. ಹುಕ್ಕೇರಿಗೆ ಹೊರಡುವ ಮೊದಲು ಗೋಕಾಕದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ನೋಡುವುದೆಂದಾಯಿತು. ಇಳಕಲ್ಲಿನ ಸೀರೆ ಉಟ್ಟು, ಶಾಲೆಗೆ ಹೊರಟವಳ ಹಾಗೆ ತಲೆ ಬಾಚಿಕೊಂಡಿದ್ದಳು. ಓಣಿ ದಾಟುವವರೆಗೆ ನಗುತ್ತಿದ್ದಳು. ರಸ್ತೆಗೆ ಬಂದ ಮೇಲೆ ಕಾರು ಕುಪ್ಪಳಿಸತೊಡಗಿತು. ಪ್ರತಿ ಗುಂಡಿಗೆ ಹಿಂದಿನಿಂದ ಠಣ್ ಅನ್ನುವ ಸದ್ದು. ಹತ್ತನೆಯದೋ ಹನ್ನೊಂದನೆಯದೋ ಸದ್ದಿಗೆ ಅವಳು ನನ್ನ ಹೆಗಲ ಮೇಲೆ ಕೈ ಇಟ್ಟಳು.

"ತಮ್ಮಾ, ಹೊಳ್ಳಸು."

ಅಷ್ಟೇ ಅಂದಳು. ಮುಖ ಸುಣ್ಣವಾಗಿತ್ತು. ಊರ ಕಡೆ ತಿರುಗಿಸಿ ನಾನು ಎಷ್ಟು ಮೆಲ್ಲಗೆ ಹೊಡೆದರೂ ಕಾರು ಅವಳನ್ನು ಬಡಿಯುತ್ತಲೇ ಇತ್ತು. ಮನೆಗೆ ಬಂದವಳು ಗೋಡೆ ಹಿಡಿದು ನಡೆದು ಹಲಗೆಯ ಮೇಲೆ ಮಲಗಿದಳು. ಸಂಜೆ ನನ್ನನ್ನು ಕರೆದಳು. ಕೈಯಲ್ಲಿ ಒಂದು ಅಂಚೆ ಕಾರ್ಡಿತ್ತು.

"ಮಲಗಿಕೊಂಡ ಬರದ್ರ ಅಕ್ಷರ ಡೊಂಕ ಬರತಾವ. ನೀ ಬರಿ. ನನಗ ಬರಾಕ ಆಗೂದಿಲ್ಲ, ಬ್ಯಾರೇದವರನ್ನ ತಗೋರಿ, ಅಂತ."

ಬರೆದೆ. ನನ್ನ ಅಕ್ಷರವೂ ಡೊಂಕೇ ಬಂತು.

"ನಾಳೆ ಹಾಕ. ಮರೀಬ್ಯಾಡ."

ಮರುದಿನ ಕಾರ್ಡನ್ನು ಕಿಸೆಯಲ್ಲಿಟ್ಟುಕೊಂಡು ಮೂಡಲಗಿಗೆ ಹೋದೆ. ಅಲ್ಲಿಯೂ ಅಂಚೆ ಡಬ್ಬಿ ಇದೆಯಲ್ಲ, ಅಲ್ಲೇ ಹಾಕಿದರಾಯಿತು ಅಂದುಕೊಂಡೆ. ಡಬ್ಬಿಯ ಮುಂದಿನಿಂದ ಎರಡು ಸಲ ಹಾದುಹೋದೆ. ಆಮೇಲೆ ಮಿಸ್ತ್ರಿಯ ಹತ್ತಿರ ಹೋಗಿ ಕೂತೆ. ಅವರು ಎಲ್ಲ ಕೇಳಿಸಿಕೊಂಡರು.

"ಠಣ್ ಅಂತೈತಿ ಅಂದ್ರ ಚಕ್ರ ಕೆಳಗ ಇಳ್ಯಾಕ ಜಾಗಾ ಇಲ್ಲ. ಸ್ಪ್ರಿಂಗ್ ಮೊದಲ ತುದೀಗಿ ನಿಂತೈತಿ. ಗಾಡಿ ಮ್ಯಾಲ ಭಾರ ಇಲ್ಲ," ಅಂದರು. "ನಿಮ್ಮ ಅಕ್ಕನ ತೂಕಾ ಎಷ್ಟ?"

"ಹನ್ನೆರಡ ಪೆಂಟಿರಿ."

"ಯಾರು ತೂಗಿದ್ರು?"

"ಮಠದಾಗ ತೂಗ್ಯಾರರೀ. ಹರಕಿ ಇತ್ತು."

ಮಿಸ್ತ್ರಿ ಲೇಥಿನ ಮೇಲಿನ ಕಬ್ಬಿಣದ ಪುಡಿಯನ್ನು ಬೆರಳಿನಿಂದ ಒಂದು ಕಡೆ ಸರಿಸಿದರು. "ಮಠದಾಗ ತೂಗಿದ್ದ ನಾ ಸುಳ್ಳ ಅನ್ನಾಂವ ಅಲ್ಲ," ಅಂದರು. "ಆದರ ಹರಕಿ ತಕ್ಕಡಿ ಎಂದರ ಸಮಾ ನಿಂತದ್ದ ನೋಡೀಯೇನು? ಬೆಲ್ಲದ ತಟ್ಟಿ ನೆಲಾ ಹಿಡೀಬೇಕು. ನೆಲಾ ಹಿಡದ ಮ್ಯಾಲ ಇನ್ನ ನಾಕ ಇಟ್ರೂ ಅಷ್ಟ, ನಲವತ್ತ ಇಟ್ರೂ ಅಷ್ಟ. ಮನಿಗ್ಹೋಗಿ ಅಕ್ಕನ್ನ ಒಮ್ಮಿ ಕುಂದರಸು. ಟೇಪ್ ಹಚ್ಚು."

ನಾನು ದಾರಿಯುದ್ದಕ್ಕೂ ಆ ಶ್ರಾವಣದ ಅಂಗಳವನ್ನೇ ಕಾಣುತ್ತಿದ್ದೆ. ಅಕ್ಕ ತಟ್ಟೆಯಲ್ಲಿ ಕಾಲು ಮಡಚಿ ಮೇಲೆ, ಬಹಳ ಮೇಲೆ, ತೋರಣದ ಹತ್ತಿರ ತೂಗುತ್ತಿದ್ದಳು. ಕೆಳಗೆ ಬೆಲ್ಲ ಮಣ್ಣಿನ ಮೇಲೆ ಆರಾಮಾಗಿ ಕೂತಿತ್ತು. ಅಷ್ಟು ಸ್ಪಷ್ಟವಾಗಿ ಕಣ್ಣ ಮುಂದಿದ್ದದ್ದನ್ನು ನಾನು ನೋಡಿಯೂ ಅಳೆದಿರಲಿಲ್ಲ.

ಅಕ್ಕನಿಗೆ ಒಂದೇ ಒಂದು ಸಲ ಕೂರು, ಆಮೇಲೆ ಕೇಳುವುದಿಲ್ಲ ಅಂದೆ. ಅವ್ವ ಬೇಡವೆಂದಳು. ಅಕ್ಕ ಎದ್ದಳು. ಎರಡು ಮಣೆ ಇಟ್ಟು ಮೆಟ್ಟಿಲು ಮಾಡಿದೆ. ಅವಳು ಕೂತಳು. ಕಾರು ಕಾಲು ಇಂಚು ಇಳಿಯಿತು. ಹಳೆಯ ಸುಣ್ಣದ ಗೆರೆ ಚಕ್ರದ ಅಂಚಿಗಿಂತ ಎಷ್ಟೋ ಮೇಲಿತ್ತು. ಅವಳು ಕೂತ ಮಟ್ಟಕ್ಕೆ ಹೊಸ ಗೆರೆ ಎಳೆದೆ. ಅವಳನ್ನು ಇಳಿಸಿ, ಹೊರಸಿನ ಮೇಲೆ ದಿಂಬು ಕೊಟ್ಟು ಕೂಡಿಸಿದೆ. ಆಮೇಲೆ ಸೀಟಿನ ಮೇಲೆ ಪೆಂಟಿಗಳನ್ನು ಒಂದೊಂದಾಗಿ ಇಡುತ್ತಾ ಬಂದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಐದು, ಆರು, ಏಳು. ಎಂಟಕ್ಕೆ ಹೊಸ ಗೆರೆ ಅಂಚಿನ ಹತ್ತಿರ ಬಂತು. ಒಂಬತ್ತಕ್ಕೆ ದಾಟಿತು. ಒಂಬತ್ತನೆಯದನ್ನು ತೆಗೆದು, ಕುಡಗೋಲಿನಿಂದ ಹೊಡೆದು, ಅರ್ಧ ಇಟ್ಟೆ. ಗೆರೆ ಚಕ್ರದ ಅಂಚಿಗೆ ಸರಿಯಾಗಿ ಕೂಡಿತು.

"ಎಂಟೂವರಿ," ಅಂದೆ.

ಅವ್ವ ಒಳಗೆ ಹೋಗುವವಳಿದ್ದಳು. ಅಕ್ಕ ಹೊರಸಿನ ಮೇಲಿಂದಲೇ ಕರೆದಳು.

"ಯವ್ವಾ, ನಿಂದರ. ಮೂರೂವರಿ ಎಲ್ಲಿ ಹ್ವಾದು ಅಂತ ಕೇಳಾಕತ್ತಾನ ನಿನ್ನ ಮಗ."

"ನನಗೇನ ಗೊತ್ತವಾ. ಸೊರಗಿರತಿ."

"ಎರಡ ತಿಂಗಳದಾಗ ಮೂರೂವರಿ ಪೆಂಟಿ ಸೊರಗಿದ್ರ ನಾ ಈಗ ಇಲ್ಲಿ ಕುಂದರತಿದ್ದಿಲ್ಲ. ನಾ ಆವತ್ತ ಮ್ಯಾಲ ಕುಂತಿದ್ನಿ. ನನಗ ಎಲ್ಲಾ ಕಾಣತಿತ್ತು. ಎಂಟ ಆತು, ಒಂಬತ್ತಕ್ಕ ನಾ ಹಾರಿದ್ನಿ. ನೀ ಸೆರಗಿನ ಮರಿಗೆ ಇನ್ನೊಂದ ಇಟ್ಟಿ. ಆಮ್ಯಾಲ ಮತ್ತೊಂದ, ಮತ್ತೊಂದ."

ಅವ್ವ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. ಕೆರೆಯುತ್ತಲೇ ಹೇಳಿದಳು.

"ಮೂರ ತಿಂಗಳ ಹಾಸಿಗ್ಯಾಗ ಇದ್ದ ಕೂಸು. ಒಂಬತ್ತಕ್ಕ ಹತ್ತೀ ಹಂಗ ಮ್ಯಾಲ ಹ್ವಾದಿ. ಊರ ಮಂದಿ ಎಲ್ಲಾ ನಿಂತ ನೋಡಾಕತ್ತಿದ್ರು. ನನ್ನ ಮಗಳು ಇಷ್ಟ ಹಗೂರ ಆಗ್ಯಾಳ ಅಂತ ಅವರಿಗೆ ಯಾಕ ಕಾಣಬೇಕು? ಇಟ್ನಿ. ಕೊಡೂ ಮುಂದ ಯಾರರೆ ಎಣಸ್ತಾರೇನು?"

ಗಾಣದ ಕಡೆಯಿಂದ ಎತ್ತಿನ ಗಂಟೆ ಬಂತು, ಹೋಯಿತು.

"ನಿನಗ ಮೊದಲ ಗೊತ್ತಿತ್ತ," ಅಂದೆ ಅಕ್ಕನಿಗೆ. "ಮತ್ತ ಹೇಳಬಾರದ?"

"ನೀ ಮೂಡಲಗ್ಯಾಗ ಏನ ಹೇರೀದಿ ಅಂತ ನಾ ಏನ ಕನಸ ಕಂಡಿದ್ನಿ? ನೀ ಬೆಲ್ಲಾ ಕೇಳಿದಿ. ನನ್ನ ಎಲ್ಲಿ ಕೇಳಿದಿ?"

ಕಾರಿನ ಕೆಳಗೆ ಹೋಗಿ ಮಲಗಿಬಿಟ್ಟೆ. ಎಂಟೂವರೆ ಪೆಂಟಿ ಸೀಟಿನ ಮೇಲೇ ಇತ್ತು. ಬಳೆ ನಟ್ಟನ್ನು ಎಡಕ್ಕೆ ತಿರುಗಿಸುತ್ತಾ ಹೋದೆ, ಈ ಕಡೆ ಎಷ್ಟು ಸುತ್ತೋ ಆ ಕಡೆಯೂ ಅಷ್ಟೇ ಸುತ್ತು. ನಟ್ಟು ಜಾರದಂತೆ ಅದರ ಕೆಳಗೆ ಇನ್ನೊಂದು ತೆಳ್ಳಗಿನ ನಟ್ಟು ಬಿಗಿಯಬೇಕು. ಬಿಗಿಯುವ ಮೊದಲು, ಆ ಎರಡು ನಟ್ಟುಗಳ ನಡುವಿನ ಸಂದು ಎರಡೂ ಬದಿಯಲ್ಲಿ ಒಂದೇ ಸಮ ಬಂತೋ ಇಲ್ಲವೋ ನೋಡಲು ಒಂದು ತೆಳು ತಗಡು ಬೇಕಿತ್ತು. ಕಿಸೆಗೆ ಕೈ ಹಾಕಿದರೆ ಕಾರ್ಡು ಸಿಕ್ಕಿತು. ಅದನ್ನೇ ಸಂದಿನಲ್ಲಿ ತೂರಿಸಿ ನೋಡಿದೆ. ಎರಡೂ ಕಡೆ ಒಂದೇ ಬಿಗಿತದಲ್ಲಿ ಹೋಗಿ ಬಂತು. ಆಮೇಲೆ ಪೆಂಟಿ ಇಳಿಸಿ ಅಕ್ಕನನ್ನು ಕೂಡಿಸಿದೆ. ಕೇಳುವುದಿಲ್ಲ ಅಂದಿದ್ದೆ, ಆದರೂ ಕೂತಳು. ಅವಳೇ ಟೇಪಿನ ಒಂದು ತುದಿ ಹಿಡಿದು, ಬಗ್ಗದೆ, ಕೈ ಕೆಳಗೆ ಬಿಟ್ಟಳು.

"ಎಷ್ಟ?"

"ಒಂದ ಇಂಚ. ಒಂದ ದಾರದಷ್ಟ ಹೆಚ್ಚ."

"ದಾರದಷ್ಟ ಇರಲಿ. ಹೊಲಿಗ್ಯಾಗನೂ ಬಿಡತೇವಿ."

ಸೋಮವಾರ ಹೊತ್ತು ಮೂಡುವ ಮೊದಲು ಹೊರಟೆವು. ಅವ್ವ ಬುತ್ತಿ ಕಟ್ಟಿದಳು, ಜೊತೆಗೆ ಆ ಅರ್ಧ ಪೆಂಟಿ. ಅಕ್ಕನ ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರವನ್ನು ಹಿಂದೆ ಇಟ್ಟರೆ ಅಳತೆ ಕೆಡುತ್ತದೆಂದು ಮುಂದಿನ ಸೀಟಿನಲ್ಲಿ ನನ್ನ ಬಾಜೂ ಕೂಡಿಸಿದೆ. ಬೀಗರ ಹಾಗೆ ಗಂಭೀರವಾಗಿ ಕೂತಿತ್ತು ಅದು.

ಮಂಜು ರಸ್ತೆಯ ಮೇಲೆ ಹಾಸಿಕೊಂಡಿತ್ತು. ಕಬ್ಬಿನ ಹೂವುಗಳು ಮಾತ್ರ ಅದರ ಮೇಲೆ ತೇಲುತ್ತಿದ್ದವು, ಕೆಳಗೆ ಬೇರಿಲ್ಲದ ಹಾಗೆ. ಗುಂಡಿ ಬಂದಾಗ ನನ್ನ ಹಲ್ಲು ತಾನಾಗಿಯೇ ಬಿಗಿಯುತ್ತಿತ್ತು. ಠಣ್ ಅನ್ನಲಿಲ್ಲ. ಕಾರು ಮೆಲ್ಲಗೆ ಇಳಿದು, ಏನೋ ನೆನಪಾದವರ ಹಾಗೆ ಒಂದು ಗಳಿಗೆ ತಡೆದು, ಮೇಲೆ ಬರುತ್ತಿತ್ತು. ಘಟಪ್ರಭೆ ದಾಟಿದೆವು. ಹಿಂದಿನಿಂದ ಒಂದು ಮಾತೂ ಬರುತ್ತಿರಲಿಲ್ಲ. ನೋವಾದರೆ ಹೆಗಲ ಮೇಲೆ ಕೈ ಬರುತ್ತದೆಂದು ಕಾಯುತ್ತಿದ್ದೆ. ಬರಲಿಲ್ಲ. ಕೊನೆಗೆ ತಡೆಯಲಾರದೆ ಹಿಂದಿರುಗಿ ನೋಡಿದೆ.

ಅಕ್ಕ ನಿದ್ದೆ ಹೋಗಿದ್ದಳು. ಬಿದ್ದಾಗಿನಿಂದ ಅಂಗಾತವಲ್ಲದೆ ನಿದ್ದೆ ಬಾರದವಳು, ಕೂತು, ಬಾಯಿ ಸ್ವಲ್ಪ ತೆರೆದು, ತಗಡಿಗೆ ತಲೆ ಆನಿಸಿ ಮಲಗಿದ್ದಳು. ಕಾರು ಇಳಿದರೆ ಅವಳ ತಲೆಯೂ ಇಳಿಯುತ್ತಿತ್ತು, ಎದ್ದರೆ ಏಳುತ್ತಿತ್ತು. ಬಿಸಿಲು ಬಂತು. ಮಂಜು ಎಲ್ಲಿ ಹೋಯಿತೋ. ನಾನು ಯಾವ ಊರು ದಾಟಿದೆ, ಯಾವ ಹಳ್ಳದ ಸೇತುವೆ ದಾಟಿದೆ, ಈಗ ಹೇಳಲಾರೆ. ಆ ರಸ್ತೆ ಮುಗಿಯಬಾರದು ಅನಿಸಿದ್ದಷ್ಟೇ ನೆನಪಿದೆ.

ಹುಕ್ಕೇರಿಯ ಶಾಲೆಯ ಮುಂದೆ ಬಂದಾಗ ಗಂಟೆ ಹೊಡೆಯಲು ಇನ್ನೂ ಹೊತ್ತಿತ್ತು. ಇಂಜಿನ್ನು ನಿಲ್ಲಿಸಿದರೆ ಎಚ್ಚರಾದಾಳೆಂದು ನಿಲ್ಲಿಸಲಿಲ್ಲ. ಹುಡುಗಿಯರು ಬಂದು ಕಾರಿನ ಸುತ್ತ ನಿಂತರು. ಒಬ್ಬಳು ಕಿಟಕಿಯಲ್ಲಿ ಇಣುಕಿ ಪಿಸುಗುಟ್ಟಿದಳು, "ಹೊಲಿಗಿ ಅಕ್ಕಾರು ಬಂದಾರ. ಮಲಗ್ಯಾರ."

ಅಕ್ಕ ಕಣ್ಣು ತೆರೆದಳು. ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ತಾನೇ ಬಾಗಿಲು ತೆರೆದು ಇಳಿದು, ಬೆನ್ನಿಗೆ ಕೈ ಇಟ್ಟು ನೆಟ್ಟಗೆ ನಿಂತಳು. ನನ್ನ ಕಡೆ ಅಂಗೈ ಚಾಚಿದಳು.

"ಟೇಪು ಕೊಡು. ನನಗ ಬೇಕಲ್ಲ."

ಕಿಸೆಯಿಂದ ತೆಗೆದಾಗ ಟೇಪಿನ ಜೊತೆ ಕಾರ್ಡೂ ಬಂತು. ಅದರ ಮೇಲೆ ಗುಂಡಗೆ ಎಣ್ಣೆಯ ಕಲೆ. ಅವಳು ಎತ್ತಿ ಓದಿದಳು, ನನಗ ಬರಾಕ ಆಗೂದಿಲ್ಲ.

"ಹಾಕಲಿಲ್ಲ?"

"ಸಂದು ಅಳ್ಯಾಕ ಬೇಕಾಗಿತ್ತು."

ಅವಳು ಕಾರ್ಡನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಗಿಸಿದಳು, ಟೇಪನ್ನು ಕೊರಳಿಗೆ ಹಾಕಿಕೊಂಡಳು, ಹುಡುಗಿಯರ ನಡುವೆ ನಡೆದು ಒಳಗೆ ಹೋದಳು. ಅವಳು ಇಳಿದ ಮೇಲೆ ಕಾರಿನ ಹಿಂಭಾಗ ಒಂದು ಇಂಚು, ಒಂದು ದಾರದಷ್ಟು ಮೇಲೆ ಬಂದದ್ದನ್ನು ನಾನು ನೋಡಿದೆ.

ಸ್ಪ್ರಿಂಗಿನ ಅಳತೆಯ ಬಗ್ಗೆ ನನಗೆ ತಿಳಿದದ್ದು ಇಷ್ಟೇ. ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಮನೆಯಲ್ಲೇ ಗಾಡಿ ಕಟ್ಟಿದ್ದರೆ, ನೀವು ಯಾವ ತೂಕವನ್ನು ನಂಬಿದಿರಿ, ಅದು ಎಲ್ಲಿ ಕೈಕೊಟ್ಟಿತು, ಎರಡು ಸಾಲು ಬರೆದು ಕಳಿಸಿ. ಗಾಡಿ ಕಟ್ಟದವರೂ ಬರೆಯಬಹುದು. ನಿಮ್ಮ ಮನೆಯಲ್ಲಿ ಹರಕೆಯ ತಕ್ಕಡಿಯಲ್ಲಿ ಕೂತವರು ಇದ್ದೇ ಇರುತ್ತಾರೆ. ಆವತ್ತು ಮೇಲಿನಿಂದ ಅವರಿಗೆ ಏನು ಕಾಣಿಸಿತೆಂದು ಒಮ್ಮೆ ಅವರನ್ನೇ ಕೇಳಿ, ನನಗೂ ತಿಳಿಸಿ.